ಅದೇ ದಾರಿಯಲ್ಲಿ ಎರಡನೇ ಸಲ

ಸಿಡ್ನಿ ಬಂದರಿನ ಬಾಯಲ್ಲಿ ಎದುರುಬದುರಾಗಿ ನಿಂತ ಎರಡು ಬಂಡೆಗೋಡೆಗಳನ್ನು ದಾಟಿ ನೇರ ಪೂರ್ವಕ್ಕೆ ಹೊರಟರೆ, ಮೂವತ್ತು ನಲವತ್ತು ಕಿಲೋಮೀಟರಿನ ತನಕ ಕಡಲ ತಳ ನಿಧಾನಕ್ಕೆ, ಗದ್ದೆಬಯಲು ಇಳಿಯುವ ಹಾಗೆ ಇಳಿಯುತ್ತಾ ಹೋಗುತ್ತದೆ. ಆಮೇಲೆ ಘಟ್ಟ. ಆಗುಂಬೆಯ ಅಂಚಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿಯವರೆಗೆ ಸಾವಧಾನವಾಗಿದ್ದ ನೆಲ ಅಲ್ಲಿಂದಾಚೆ ತಲೆಕೆಳಗಾಗಿ ಧುಮುಕುತ್ತದೆ. ಕಡಲಿನ ಘಟ್ಟಕ್ಕೂ ನಮ್ಮ ಘಟ್ಟಕ್ಕೂ ಇರುವ ವ್ಯತ್ಯಾಸವೆಂದರೆ ಮೇಲಿನಿಂದ ಏನೂ ಕಾಣದು. ದೋಣಿಯಲ್ಲಿ ಕೂತವನಿಗೆ ಘಟ್ಟದ ಈಚೆಗೂ ಆಚೆಗೂ ಒಂದೇ ನೀಲಿ. ಚಳಿಗಾಲದಲ್ಲಿ ಇಲ್ಲಿಗೆ ಪ್ರವಾಸಿ ದೋಣಿಗಳು ತಿಮಿಂಗಿಲ ತೋರಿಸಲು ಬರುತ್ತವೆ. ಹಂಪ್‌ಬ್ಯಾಕ್ ತಿಮಿಂಗಿಲವೊಂದು ಬಾಲ ಎತ್ತಿದರೆ ದೋಣಿಯ ಮಂದಿಯೆಲ್ಲ ಒಂದೇ ಪಕ್ಕಕ್ಕೆ ವಾಲುತ್ತಾರೆ. ಆ ದೋಣಿಯ ಕೆಳಗೆ, ಮುನ್ನೂರು ನಾನೂರು ಮೀಟರ್ ಆಳದ ಇಳಿಜಾರಿನಲ್ಲಿ, ಯಾವ ಪ್ರವಾಸಿ ಕೈಪಿಡಿಗೂ ಬೇಡವಾದ ಸಣ್ಣ ಶಾರ್ಕ್ ಒಂದಿದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನುವುದೇ ಸಿಡ್ನಿಯೆದುರಿನ ಇಳಿಜಾರಿನ ಮಟ್ಟಿಗೆ ಸತ್ಯಕ್ಕೆ ಹತ್ತಿರ. ಈ ‘ಇತ್ತು’ ನಮಗೆ ಗೊತ್ತಾದ ಬಗೆಯಲ್ಲಿ ಪ್ರವಾಸದ ಬಗ್ಗೆಯೇ ಒಂದು ವಾದ ಅಡಗಿದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಮೀನನ್ನು ನೋಡೋಣ. ಹೆಸರು ಹ್ಯಾರಿಸನ್ ಡಾಗ್‌ಫಿಶ್. ಉದ್ದದಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು, ಕೈಯಲ್ಲಿ ಎತ್ತಿ ಹಿಡಿಯಬಹುದಾದ ಗಾತ್ರ. ಬೂದುಗಂದು ಮೈ, ಚಪ್ಪಟೆಯಾಗಿ ಮುಂದಕ್ಕೆ ಚಾಚಿದ ಮೂತಿ. ಬೆನ್ನ ಮೇಲಿನ ಎರಡು ರೆಕ್ಕೆಗಳ ಮುಂದೆ ಒಂದೊಂದು ಗಟ್ಟಿ ಮುಳ್ಳು. ಎದೆಯ ಪಕ್ಕದ ರೆಕ್ಕೆಯ ಹಿಂತುದಿ ಸೀರೆಯ ಸೆರಗಿನ ಹಾಗೆ ಉದ್ದಕ್ಕೆ ಚೂಪಾಗಿ ಎಳೆದುಕೊಂಡಿರುತ್ತದೆ. ಈ ಕುಲದ ಶಾರ್ಕನ್ನು ಬುಟ್ಟಿಯಲ್ಲಿ ಗುರುತಿಸುವವರು ಮೊದಲು ನೋಡುವುದು ಆ ಸೆರಗನ್ನೇ. ಕಣ್ಣು ಮಾತ್ರ ಈ ಸಾಧಾರಣ ಮೈಗೆ ಸೇರಿದ್ದಲ್ಲ ಅನ್ನಿಸುವಷ್ಟು ದೊಡ್ಡದು, ಹಸಿರು. ಬೆಳಕು ಬಿದ್ದರೆ ರಾತ್ರಿ ರಸ್ತೆಯಲ್ಲಿ ಬೆಕ್ಕಿನ ಕಣ್ಣು ಹೊಳೆಯುವಂತೆ ಹೊಳೆಯುತ್ತದೆ. ಎರಡಕ್ಕೂ ಕಾರಣ ಒಂದೇ, ರೆಟಿನಾದ ಹಿಂದಿನ ಕನ್ನಡಿಯಂಥ ಪದರ. ಹೊಟ್ಟೆ ಸೀಳಿದರೆ ಒಳಗೆಲ್ಲ ಯಕೃತ್ತೇ. ಗಾಳಿಚೀಲವಿಲ್ಲದ ಈ ಮೀನು ತೇಲುವುದು ಆ ಯಕೃತ್ತಿನ ಎಣ್ಣೆಯ ಬಲದಿಂದ. ಈ ಎಣ್ಣೆಯಲ್ಲಿ ಸ್ಕ್ವಾಲೀನ್ ಎಂಬ, ನೀರಿಗಿಂತ ಹಗುರವಾದ ದ್ರವ್ಯ ತುಂಬಿದೆ. ಇನ್ನು ಸಂತಾನ. ಒಂದು ಬಸಿರಿಗೆ ಒಂದೋ ಎರಡೋ ಮರಿ, ಅಷ್ಟೇ. ಬಂಗುಡೆ, ಬೂತಾಯಿ ಹಿಡಿಯುವವರ ಲೆಕ್ಕದಲ್ಲಿ ಇದು ಮೀನೇ ಅಲ್ಲ, ಆನೆ. ಒಂದು ಬೂತಾಯಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಹೋದೀತು. ಇದು ವರ್ಷಗಟ್ಟಲೆ ಕಾದು ದೊಡ್ಡದಾಗಿ, ಕೊನೆಗೆ ಒಂದು ಮರಿ ಹಾಕುತ್ತದೆ. ಇಷ್ಟು ತಿಳಿದರೆ ಮುಂದಿನ ಕಥೆಯ ಮುಕ್ಕಾಲು ಪಾಲು ತಿಳಿದ ಹಾಗೆಯೇ.

ಈ ಮೀನಿನ ಹೆಸರು ಒಂದು ಪ್ರವಾಸದಿಂದ ಬಂದದ್ದು, ಅದೂ ಮರಳದೇ ಹೋದ ಪ್ರವಾಸದಿಂದ. ಆಸ್ಟ್ರೇಲಿಯಾ ಸರ್ಕಾರಕ್ಕೆ ಎಂಡೆವರ್ ಎಂಬ ಸಮೀಕ್ಷಾ ಹಡಗೊಂದಿತ್ತು. ದೇಶದ ಸುತ್ತ ಎಲ್ಲೆಲ್ಲಿ ಬಲೆ ಎಳೆದರೆ ಏನು ಸಿಕ್ಕೀತು ಎಂದು ನೋಡುವುದು ಅದರ ಕೆಲಸ. 1909ರಿಂದ 1914ರವರೆಗೆ ಅದು ತಳ ಕೆರೆದು ತಂದದ್ದೆಲ್ಲ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿದ್ದ ಆಲನ್ ಮೆಕಲಕ್ ಎಂಬ ಮೀನು ಪಂಡಿತರ ಮೇಜಿಗೆ ಬರುತ್ತಿತ್ತು. 1914ರ ಡಿಸೆಂಬರಿನಲ್ಲಿ ಎಂಡೆವರ್ ಅಂಟಾರ್ಕ್ಟಿಕದ ದಾರಿಯಲ್ಲಿರುವ ಮಕ್ವಾರಿ ದ್ವೀಪದಿಂದ ಹೊರಟಿತು. ಮರಳಿ ಬರಲಿಲ್ಲ. ಹುಡುಕಲು ಹೋದವರಿಗೆ ಒಂದು ಹಲಗೆಯೂ ಸಿಗಲಿಲ್ಲ. ಆ ಹಡಗಿನಲ್ಲಿ ಹೋಬಾರ್ಟ್ ಊರಿನ ಚಾರ್ಲ್ಸ್ ಹ್ಯಾರಿಸನ್ ಇದ್ದರು, ಜೀವವಿಜ್ಞಾನಿ, ಚಿತ್ರಕಾರ. ಡಗ್ಲಸ್ ಮಾಸನ್ನರ ಅಂಟಾರ್ಕ್ಟಿಕ ಯಾತ್ರೆಯಲ್ಲಿ ಫ್ರಾಂಕ್ ವೈಲ್ಡ್ ತಂಡದ ಜೊತೆ ಹಿಮದ ಹಲಗೆಯ ಮೇಲೆ 1912ರ ಚಳಿಗಾಲ ಕಳೆದು ಜೀವಸಹಿತ ಬಂದಿದ್ದವರು. ಅಷ್ಟು ದೊಡ್ಡ ಗಂಡಾಂತರ ದಾಟಿದ ಮನುಷ್ಯ ಮನೆಗೆ ಬರುವ ಸಾಮಾನ್ಯ ದಾರಿಯಲ್ಲಿ ಮುಳುಗಿಹೋದರು. 1915ರಲ್ಲಿ ಮೆಕಲಕ್ ಹೊಸ ಶಾರ್ಕಿಗೆ ಅವರ ಹೆಸರಿಟ್ಟರು. ಅದರ ಹತ್ತಿರದ ಸಂಬಂಧಿಯೊಂದನ್ನು ಅಲ್ಲಿಯವರು ಇಂದಿಗೂ ಕರೆಯುವುದು ಎಂಡೆವರ್ ಡಾಗ್‌ಫಿಶ್ ಎಂದು. ಅದೇ 1915ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಮೂರು ಉಗಿ ಟ್ರಾಲರುಗಳನ್ನು ತರಿಸಿ ಸರ್ಕಾರಿ ಮೀನುಗಾರಿಕೆ ಶುರುಮಾಡಿತು. ಮೀನಿಗೆ ಹೆಸರು ಬಂದ ವರ್ಷವೇ ಆ ಕರಾವಳಿಗೆ ಎಂಜಿನ್ನಿನ ಬಲೆ ಬಂತು. ಇದು ಕಾಕತಾಳೀಯವಲ್ಲ. ಸಮೀಕ್ಷೆಯ ಉದ್ದೇಶವೇ ಅದಾಗಿತ್ತು.

ಮೊದಲ ಪ್ರಯಾಣಗಳ ಸ್ವಭಾವವೇ ಹಾಗೆ. ಅವಕ್ಕೆ ವೀರರಿರುತ್ತಾರೆ, ದುರಂತವಿರುತ್ತದೆ, ಹೆಸರಿಡುವ ಸಂಭ್ರಮವಿರುತ್ತದೆ. ಪ್ರವಾಸ ಕಥನ ಎಂಬ ಸಾಹಿತ್ಯವೂ ಬಹುಪಾಲು ಮೊದಲ ನೋಟದ ಸಾಹಿತ್ಯವೇ. ಹೋದ ಊರಿಗೇ ಮತ್ತೆ ಹೋಗಿ, ಅದೇ ಬೀದಿಯಲ್ಲಿ ಅದೇ ಹೊತ್ತಿಗೆ ನಡೆದು, ಹೋದ ಸಲ ಎಷ್ಟು ಅಂಗಡಿಗಳಿದ್ದವು, ಈಗ ಎಷ್ಟಿವೆ ಎಂದು ಎಣಿಸಿ ಬರೆದ ಪುಸ್ತಕವನ್ನು ಯಾರು ಓದುತ್ತಾರೆ? ಆದರೂ ಒಂದು ಜಾಗವನ್ನು ತಿಳಿಯಲು ಮೊದಲ ಪ್ರಯಾಣ ಸಾಲದು, ಅದೇ ದಾರಿಯ ಎರಡನೇ ಪ್ರಯಾಣ ಬೇಕು ಎಂಬುದು ನನ್ನ ವಾದ. ಮೊದಲನೆಯದು ‘ಇದೆ’ ಎಂದಷ್ಟೇ ಹೇಳಬಲ್ಲದು. ‘ಹೆಚ್ಚಿದೆ, ಕಡಿಮೆಯಾಗಿದೆ, ಮುಗಿಯುತ್ತಾ ಬಂದಿದೆ’ ಎಂದು ಹೇಳುವ ಶಕ್ತಿ ಅದಕ್ಕೆ ಇಲ್ಲ. ಹ್ಯಾರಿಸನ್ ಡಾಗ್‌ಫಿಶ್‌ನಂಥ ಜೀವಿಗಳನ್ನು ‘ಹೆಚ್ಚು ಪರಿಚಯವಿಲ್ಲದ ಪ್ರಭೇದ’ ಎಂದು ಕರೆಯುವ ರೂಢಿಯಿದೆ. ಪರಿಚಯ 1915ರಲ್ಲೇ ಆಗಿತ್ತು. ಆಗದೇ ಉಳಿದದ್ದು ಎರಡನೇ ಭೇಟಿ.

ಆ ಭೇಟಿ ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಸಿಡ್ನಿಯಿಂದ ತೆಂಕಣ ಕರಾವಳಿ ಹಿಡಿದು ಹೋಗಬೇಕು. ಉಲ್ಲಡುಲ್ಲ ಎಂಬ ಮೀನುಗಾರರ ಊರು ಸಿಗುತ್ತದೆ. ಇಟಲಿಯಿಂದ ಬಂದು ನೆಲೆಸಿದ ಮನೆತನಗಳು ಕಟ್ಟಿದ ಬಂದರು. ಈಸ್ಟರಿನ ಹೊತ್ತಿಗೆ ದೋಣಿಗಳಿಗೆ ಪಾದ್ರಿಗಳಿಂದ ಆಶೀರ್ವಾದ ಮಾಡಿಸುವ ಹಬ್ಬ ಅಲ್ಲಿ ನಡೆಯುತ್ತದೆ. ನಮ್ಮ ಕರಾವಳಿಯ ಸಮುದ್ರಪೂಜೆ ಬಲ್ಲವರಿಗೆ ಇದು ಅಪರಿಚಿತ ಅನ್ನಿಸದು. ಇನ್ನೂ ಕೆಳಗೆ ಈಡನ್. ಒಂದು ಕಾಲಕ್ಕೆ ಓರ್ಕಾಗಳು ಮತ್ತು ತಿಮಿಂಗಿಲ ಬೇಟೆಗಾರರು ಜೊತೆಗೂಡಿ ಬೇಟೆಯಾಡುತ್ತಿದ್ದ ಊರು. ‘ಓಲ್ಡ್ ಟಾಮ್’ ಎಂಬ ಓರ್ಕಾದ ಅಸ್ಥಿಪಂಜರ ಅಲ್ಲಿನ ಸಂಗ್ರಹಾಲಯದಲ್ಲಿದೆ. ರಾಜ್ಯದ ಗಡಿ ದಾಟಿದರೆ ಗುಲಾಬಿ ಕಲ್ಲಿನ ದೀಪಸ್ತಂಭವಿರುವ ಗೇಬೋ ದ್ವೀಪ. ಸಿಡ್ನಿ, ಉಲ್ಲಡುಲ್ಲ, ಈಡನ್–ಗೇಬೋ: ಈ ಮೂರು ಕಡೆಯ ಕಡಲ ಘಟ್ಟದಲ್ಲಿ 1976–77ರಲ್ಲಿ ಕಪಾಲ ಎಂಬ ಸಂಶೋಧನಾ ಹಡಗು ಕ್ರಮವಾಗಿ ಬಲೆ ಎಳೆಯಿತು. (ಕನ್ನಡದ ಕಿವಿಗೆ ಈ ಹೆಸರು ತುಸು ಅಪಶಕುನವೇ.) ಎಷ್ಟು ಆಳದಲ್ಲಿ, ಎಷ್ಟು ಹೊತ್ತು, ಯಾವ ಮೀನು ಎಷ್ಟು ಎಂದು ಬರೆದಿಟ್ಟರು. ಬೆರಗು ಹುಟ್ಟಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಡಾಗ್‌ಫಿಶ್‌ಗಳು ಆಗ ಧಾರಾಳವಾಗಿ ಬರುತ್ತಿದ್ದವು. ಧಾರಾಳವಾಗಿ ಸಿಗುವುದನ್ನು ಯಾರೂ ಗಮನಿಸುವುದಿಲ್ಲ.

ಆಮೇಲಿನ ಇಪ್ಪತ್ತು ವರ್ಷ ಆ ಇಳಿಜಾರಿಗೆ ದೋಣಿಗಳು ಬಂದದ್ದು ಶಾರ್ಕಿಗಾಗಿ ಅಲ್ಲ. ಅವಕ್ಕೆ ಬೇಕಿದ್ದದ್ದು ಜೆಮ್‌ಫಿಶ್. ಚಳಿಗಾಲದಲ್ಲಿ ಮೊಟ್ಟೆಯಿಡಲು ಹಿಂಡುಕಟ್ಟಿ ಘಟ್ಟದ ಅಂಚಿನುದ್ದಕ್ಕೂ ಬಡಗಣಕ್ಕೆ ಸಾಗುವ ಮೀನು ಅದು. ಹಿಂಡು ಯಾವಾಗ, ಯಾವ ದಾರಿಯಲ್ಲಿ ಬರುತ್ತದೆ ಎಂದು ಗೊತ್ತಿದ್ದ ಮೇಲೆ ಬಲೆ ಹಿಡಿದು ಕಾಯುವುದಷ್ಟೇ ಕೆಲಸ. 1980ರ ಆಸುಪಾಸಿನಲ್ಲಿ ಹಿಡಿತ ತುತ್ತತುದಿ ಮುಟ್ಟಿತು. 1993 ಬರುವ ಹೊತ್ತಿಗೆ ಅದನ್ನು ಗುರಿಯಿಟ್ಟು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಜೆಮ್‌ಫಿಶ್ ಕುಸಿದದ್ದು ಸುದ್ದಿಯಾಯಿತು, ಏಕೆಂದರೆ ಅದಕ್ಕೆ ಬೆಲೆಯಿತ್ತು. ಅದೇ ಬಲೆಯಲ್ಲಿ ಜೊತೆಗೆ ಬಂದ ಡಾಗ್‌ಫಿಶ್ ಒಮ್ಮೆ ಕಡಲಿಗೆ ವಾಪಸ್ಸು, ಒಮ್ಮೆ ಮಾಂಸಕ್ಕೆ, ಒಮ್ಮೆ ಯಕೃತ್ತಿನ ಎಣ್ಣೆಗೆ ಹೋಯಿತು. ಅದರ ಲೆಕ್ಕ ಇಡುವವರಿರಲಿಲ್ಲ. ನೂರಾರು ಮೀಟರ್ ಆಳದಿಂದ ಬಲೆಯಲ್ಲಿ ಒತ್ತಿ ಮೇಲೆಳೆದ ಮೀನನ್ನು ವಾಪಸ್ಸು ಎಸೆಯುವುದನ್ನು ಬಿಡುಗಡೆ ಎಂದು ಕರೆಯುವುದೂ ಕಷ್ಟ.

1996–97ರಲ್ಲಿ ಕಪಾಲ ಮತ್ತೆ ಹೊರಟಿತು. ಅದೇ ಹಡಗು, ಅದೇ ಬಗೆಯ ಬಲೆ, ಅದೇ ಮೂರು ಜಾಗ, ಅದೇ ಆಳಗಳು. ಹೊಸದೇನನ್ನೂ ಹುಡುಕಬಾರದು ಎಂಬುದೇ ಈ ಪ್ರಯಾಣದ ಕಟ್ಟುನಿಟ್ಟು. ಕೆನ್ ಗ್ರಹಾಂ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಹ್ಯಾರಿಸನ್ ಡಾಗ್‌ಫಿಶ್ ಮತ್ತು ಅದರ ಕುಲದ ಸಂಬಂಧಿಗಳ ಹಿಡಿತ ನೂರರಲ್ಲಿ 98ಕ್ಕೂ ಹೆಚ್ಚು ಪಾಲು ಕುಸಿದಿತ್ತು. ಇಪ್ಪತ್ತು ವರ್ಷಗಳ ಹಿಂದೆ ನೂರು ಬುಟ್ಟಿ ತುಂಬುತ್ತಿದ್ದಲ್ಲಿ ಈಗ ಎರಡು ಬುಟ್ಟಿಯೂ ಇಲ್ಲ. ಈ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ದಿನವೂ ಮೀನುಗಾರರಿದ್ದರು, ಅಧಿಕಾರಿಗಳಿದ್ದರು, ದಾಖಲೆ ಪುಸ್ತಕಗಳಿದ್ದವು. ದಿನವೂ ನೋಡುವವರಿಗೆ ಕಾಣದ್ದು ಇಪ್ಪತ್ತು ವರ್ಷದ ಮೇಲೆ ಮರಳಿ ಬಂದ ಹಡಗಿಗೆ ಕಂಡಿತು. ಮನೆಯ ಮಗು ಬೆಳೆದದ್ದು ಮನೆಯವರಿಗಿಂತ ವರ್ಷಕ್ಕೊಮ್ಮೆ ಬರುವ ನೆಂಟರಿಗೆ ಮೊದಲು ಗೊತ್ತಾಗುವುದು, ಕರಗುವುದೂ ಹಾಗೆಯೇ.

ಎರಡು ಸಲದ ಲೆಕ್ಕದಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬಹುದೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮೀನು ಕಡಲಿನದು, ಬೇರೆಡೆ ಹೋಗಿರಬಹುದು. ಬಲೆ ಎಳೆದ ಕೈ ಬದಲಾಗಿರಬಹುದು. ನೀರಿನ ಬಿಸಿ, ಆ ವರ್ಷದ ಹವೆ, ಏನಾದರೂ ಕಾರಣವಿರಬಹುದು. ಬಲೆಯ ಮೇಲಿನ ಅನುಮಾನಕ್ಕೆ ಬಲೆಯೊಳಗೇ ಉತ್ತರವಿತ್ತು: ಸ್ಪೈಕಿ ಡಾಗ್‌ಫಿಶ್ ಎಂಬ ಇನ್ನೊಂದು ಸಣ್ಣ ಶಾರ್ಕ್ ಎರಡನೇ ಸಲವೂ ಚೆನ್ನಾಗಿಯೇ ಬಂತು. ಬಲೆಯದೇ ತಪ್ಪಾಗಿದ್ದರೆ ಅದೂ ತಪ್ಪಿಸಿಕೊಳ್ಳಬೇಕಿತ್ತು. ಆ ಮೀನು ಇಳಿಜಾರಿಗೆ ಅಂಟಿಕೊಂಡದ್ದಲ್ಲ, ಮೇಲಿನ ಬಯಲಿನಲ್ಲೂ ಹರಡಿಕೊಂಡಿರುವಂಥದ್ದು. ಹಾಗಾಗಿ ಘಟ್ಟದಲ್ಲಿ ಬಿದ್ದ ಹೊಡೆತವನ್ನು ತಾಳಿಕೊಂಡಿತು. ಇನ್ನು ಬೇರೆಡೆ ಹೋದವು ಎಂಬ ಮಾತು. ಹ್ಯಾರಿಸನ್ ಡಾಗ್‌ಫಿಶ್‌ಗೆ ಹೋಗಲು ಬೇರೆ ಊರೇ ಕಡಿಮೆ. ಅದಕ್ಕೆ ಬೇಕಾದ ಆಳ ಸುಮಾರು ಇನ್ನೂರರಿಂದ ಏಳುನೂರು ಮೀಟರ್. ಕಡಿದಾದ ಇಳಿಜಾರಿನಲ್ಲಿ ಆ ಆಳದ ಪಟ್ಟಿ ಉದ್ದಕ್ಕೆ ನೂರಾರು ಕಿಲೋಮೀಟರ್ ಇದ್ದರೂ ಅಗಲಕ್ಕೆ ಘಾಟಿ ರಸ್ತೆಯಷ್ಟೇ ಸಪೂರ. ರಸ್ತೆಯ ಉದ್ದಕ್ಕೂ ಬಲೆ ಎಳೆದರೆ ಪಕ್ಕಕ್ಕೆ ಸರಿಯಲು ಜಾಗವೆಲ್ಲಿ? ಮೀನು ಉಳಿದಿರುವ ಕಡೆಗಳೂ ಇದನ್ನೇ ಹೇಳುತ್ತವೆ. ಕರಾವಳಿಯಿಂದ ದೂರದಲ್ಲಿ ಬಾರ್ಕೂ, ಟೌಪೊ, ಡರ್ವೆಂಟ್ ಹಂಟರ್ ಎಂಬ ಕಡಲೊಳಗಿನ ಬೆಟ್ಟಗಳಿವೆ. ಟ್ರಾಲ್ ಬಲೆ ಎಳೆಯಲು ಒಗ್ಗದ ಒರಟು ನೆಲ. ಹ್ಯಾರಿಸನ್ ಡಾಗ್‌ಫಿಶ್ ಅಲ್ಲಿ ಸಿಕ್ಕಿದೆ. ನೀರು ಬಿಸಿಯಾದದ್ದೇ ಕಾರಣವಾಗಿದ್ದರೆ ಆ ಬಿಸಿ ಬಲೆ ಎಳೆಯುವ ಜಾಗವನ್ನೇ ಹುಡುಕಿಕೊಂಡು ಬಂತು ಎಂದು ನಂಬಬೇಕಾಗುತ್ತದೆ. ಎರಡು ಬಿಂದುಗಳಿಂದ ಗೆರೆ ಎಳೆಯಬಾರದು ಎಂಬ ಆಕ್ಷೇಪಕ್ಕೆ ಇನ್ನೊಂದು ಮುಖವೂ ಇದೆ. 1976ರ ಹೊತ್ತಿಗೇ ಅಲ್ಲಿ ವಾಣಿಜ್ಯ ಬಲೆಗಳು ಇಳಿದಿದ್ದವು. ಮೊದಲ ಬಿಂದುವೇ ಕನ್ನೆಗಡಲಿನದಲ್ಲ. ಅಂದರೆ ನಿಜವಾದ ಕುಸಿತ ನಮ್ಮ ಲೆಕ್ಕಕ್ಕಿಂತ ದೊಡ್ಡದೇ ಇರಬೇಕು.

ಹೆಸರಿನ ಗೋಜಲನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ವಿಜ್ಞಾನಿಗಳ ಶ್ರಮದ ಬಹುಪಾಲು ಅದರಲ್ಲೇ ಕಳೆಯಿತು. ಹ್ಯಾರಿಸನ್ ಡಾಗ್‌ಫಿಶ್‌ನ ಜೊತೆ ಸಿಗುತ್ತಿದ್ದ, ಗಲ್ಪರ್ ಶಾರ್ಕ್ ಎಂದು ಕರೆಯುವ ಅದೇ ಕುಲದ ಇನ್ನೊಂದು ಮೀನನ್ನು ಬಹುಕಾಲ ‘ಉಯಾಟೊ’ ಎಂದು ಕರೆದರು. ರಫಿನೆಸ್ಕ್ ಎಂಬ ಪಂಡಿತ 1810ರಲ್ಲಿ ಸಿಸಿಲಿಯ ಮೀನಿಗೆ ಕೊಟ್ಟ ಹೆಸರದು. 2008ರಲ್ಲಿ, ಇಲ್ಲ, ಇದು ಆಸ್ಟ್ರೇಲಿಯಾದ್ದೇ ಬೇರೆ ಜಾತಿ ಎಂದು ‘ಝೀಹಾನಿ’ ಎಂದರು; ಅದೂ ಒಂದು ಹಡಗಿನ ಹೆಸರೇ. 2022ರಲ್ಲಿ ಮತ್ತೆ ಪರಿಶೀಲಿಸಿ, ಇಲ್ಲ, ಉಯಾಟೊವೇ ಸರಿ ಎಂದರು. ಹೆಸರು ಸಿಸಿಲಿಯಿಂದ ಹೊರಟು ಒಂದು ಸುತ್ತು ಹಾಕಿ ಮನೆಗೆ ಬಂತು. ಮೀನು ಮಾತ್ರ ಬರಲಿಲ್ಲ. ಹೆಸರು ಸರಿಯಿಲ್ಲದೆ ಎಣಿಕೆ ಹೇಗೆ ಸರಿಯಾದೀತು ಎಂದು ವರ್ಗೀಕರಣಕಾರರು ಕೇಳುವುದುಂಟು. ಮಾತಿನಲ್ಲಿ ಹುರುಳಿದೆ: ದಾಖಲೆಗಳಲ್ಲಿ ಮೂರು ಜಾತಿ ಒಂದೇ ಹೆಸರಿನಡಿ ಬಿದ್ದರೆ ಯಾವುದು ಮುಗಿಯಿತೆಂದು ಹೇಳಲಾಗದು. ಆದರೆ ಮೂರನ್ನೂ ಒಟ್ಟು ಸೇರಿಸಿದರೂ ಕುಸಿತ ಅಷ್ಟೇ ದೊಡ್ಡದಿದ್ದಾಗ ಆ ವಾದ ಸೊರಗುತ್ತದೆ. ಹೆಸರಿನ ಜಗಳ ಬಗೆಹರಿಯುವ ತನಕ ಎಣಿಸದೇ ಕೂರುವುದು, ಜಾತಕ ಕೂಡಿಬರಲಿ ಎಂದು ಮನೆಗೆ ಬಿದ್ದ ಬೆಂಕಿ ಆರಿಸದೇ ಕಾದಂತೆ.

ಎರಡನೇ ಪ್ರಯಾಣದ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಎಷ್ಟು ಉಳಿದಿವೆ ಎಂದು ಅದು ಹೇಳಿತು. ಉಳಿದವು ಹೇಗೆ ಬದುಕುತ್ತವೆ ಎಂದು ಹೇಳಲಿಲ್ಲ. ಅದಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಕಾಫಿನ್ ಬೇ ಕಡೆ ಹೋಗಬೇಕು. ಸಿಂಪಿಗೆ ಹೆಸರಾದ ಊರು. ಇಂಗ್ಲಿಷಿನಲ್ಲಿ ಶವಪೆಟ್ಟಿಗೆಯ ಕೊಲ್ಲಿ ಅನ್ನುವಂತೆ ಕೇಳಿಸಿದರೂ ಅದು ಕಾಫಿನ್ ಎಂಬ ನೌಕಾಧಿಕಾರಿಯ ಹೆಸರು. 1802ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಇಟ್ಟದ್ದು. ಅಲ್ಲಿಂದಾಚೆಯ ಕಡಲ ಘಟ್ಟದ ಒಂದು ತುಂಡನ್ನು ಮೀನುಗಾರಿಕೆಗೆ ಮುಚ್ಚಿ, ಈಗಷ್ಟೇ ಹೇಳಿದ ಆ ಉಯಾಟೊ ಶಾರ್ಕುಗಳಿಗೆ ಸದ್ದು ಮಾಡುವ ಪಟ್ಟಿ ಕಟ್ಟಿ ಬಿಟ್ಟರು. ಸದ್ದು ಕೇಳಿಸಿಕೊಳ್ಳುವ ಯಂತ್ರಗಳನ್ನು ತಳದಲ್ಲಿ ಇಳಿಸಿದರು. ತಿಳಿದುಬಂದದ್ದು ಇದು: ಹಗಲು ಇಳಿಜಾರಿನ ಕೆಳಗೆ, ಕತ್ತಲಾದ ಮೇಲೆ ಮೇಲಕ್ಕೆ, ಬೆಳಗಾಗುವ ಮುನ್ನ ಮತ್ತೆ ಕೆಳಕ್ಕೆ. ದಿನಾ ಘಟ್ಟ ಹತ್ತಿ ಇಳಿಯುವ ಪ್ರಾಣಿ. ಉದ್ದಕ್ಕೂ ಹತ್ತಾರು ಕಿಲೋಮೀಟರ್ ಓಡಾಟವಿದೆ. ಹಾಗಾಗಿ ಒಂದು ಆಳದಲ್ಲಿ ಮಾತ್ರ ಬಲೆ ನಿಷೇಧಿಸಿದರೆ ಪ್ರಯೋಜನವಿಲ್ಲ. ರಾತ್ರಿ ಅದು ಇನ್ನೊಂದು ಆಳದ ಬಲೆಗೆ ಸಿಕ್ಕೀತು. ಮುಚ್ಚುವುದಾದರೆ ಘಟ್ಟದ ನೆತ್ತಿಯಿಂದ ಬುಡದ ತನಕ ಮುಚ್ಚಬೇಕು.

ಇಷ್ಟು ತಿಳಿದ ಮೇಲೆ ಕೆಲಸ ಕೂಡಲೇ ಆಯಿತೇ? ಆಗಲಿಲ್ಲ. ನನ್ನ ವಾದಕ್ಕೆ ಬೀಳುವ ಬಲವಾದ ಏಟು ಇದೇ. ಕಪಾಲ ಎರಡನೇ ಸುತ್ತು ಮುಗಿಸಿದ್ದು 1997ರಲ್ಲಿ. ಹ್ಯಾರಿಸನ್ ಡಾಗ್‌ಫಿಶ್‌ಗೂ ಅದರ ಸಂಬಂಧಿ ಉಯಾಟೊಗೂ ರಾಷ್ಟ್ರೀಯ ಕಾನೂನಿನಲ್ಲಿ ಸಂರಕ್ಷಣೆ ಬೇಕಾದ ಪ್ರಭೇದಗಳೆಂಬ ಸ್ಥಾನ ಸಿಕ್ಕಿದ್ದು 2013ರಲ್ಲಿ. ನಡುವೆ ಹದಿನಾರು ವರ್ಷ. ಎಣಿಕೆ ತಾನೇ ತಾನಾಗಿ ಮೀನನ್ನು ಉಳಿಸುವುದಿಲ್ಲ, ನಿಜ. ಆದರೆ ಎಣಿಕೆ ಇಲ್ಲದಿದ್ದರೆ ಆ ಹದಿನಾರು ವರ್ಷದ ವಾದವಿವಾದಕ್ಕೆ ಕೂರಲು ಮೇಜೇ ಇರುತ್ತಿರಲಿಲ್ಲ. ಮೀನುಗಾರರ ಕಡೆಯ ಮಾತೂ ಹಗುರವಾದದ್ದಲ್ಲ. ಉಲ್ಲಡುಲ್ಲದ ದೋಣಿ ಮಾಲೀಕ ಶಾರ್ಕನ್ನು ಹುಡುಕಿಕೊಂಡು ಹೋದವನಲ್ಲ, ಅದು ಬಲೆಗೆ ಬಂತು. ಅವನ ಜಾಗವನ್ನು ಮುಚ್ಚಿದರೆ ಸಾಲದ ಕಂತು ಯಾರು ಕಟ್ಟುತ್ತಾರೆ? ಈ ಪ್ರಶ್ನೆಗೆ ನನ್ನ ಉತ್ತರ, ತಡವಾದಷ್ಟೂ ಮುಚ್ಚಬೇಕಾದ ಜಾಗ ದೊಡ್ಡದಾಗುತ್ತದೆ. 1985ರಲ್ಲೇ ಎರಡನೇ ಸುತ್ತು ಹೋಗಿದ್ದರೆ ಸಣ್ಣ ತುಂಡು ಸಾಕಾಗುತ್ತಿತ್ತೇನೋ. ಒಂದು ಮರಿಯ ಮೀನಿಗೆ ಚೇತರಿಕೆ ದಶಕಗಳ ಲೆಕ್ಕ. ಈಗ ದೋಣಿ ನಡೆಸುವವರ ಮೊಮ್ಮಕ್ಕಳ ಕಾಲಕ್ಕೆ ಅದರ ಫಲ.

ಇದು ದೂರದ ದೇಶದ ಕಥೆಯೆಂದು ಬಿಡುವಂತಿಲ್ಲ. ಗಲ್ಪರ್ ಶಾರ್ಕುಗಳು ನಮ್ಮ ಅರಬ್ಬೀ ಸಮುದ್ರದ ಇಳಿಜಾರಿನಲ್ಲೂ ಇವೆ. ಸ್ಕ್ವಾಲೀನ್ ಎಣ್ಣೆಯನ್ನು ಜಪಾನಿನ ಮಿತ್ಸುಮಾರು ಸುಜಿಮೊಟೊ ಶಾರ್ಕಿನ ಯಕೃತ್ತಿನಲ್ಲಿ ಕಂಡುಹಿಡಿದದ್ದು 1906ರಲ್ಲಿ. ಇವತ್ತು ಅದು ಮುಖಕ್ಕೆ ಹಚ್ಚುವ ಕ್ರೀಮಿನಿಂದ ಹಿಡಿದು ಕೆಲವು ಲಸಿಕೆಗಳವರೆಗೆ ಹೋಗುತ್ತದೆ. ಆಲಿವ್ ಎಣ್ಣೆಯಿಂದಲೂ ಕಬ್ಬಿನ ಸಕ್ಕರೆಯಿಂದಲೂ ಅದನ್ನು ಪಡೆಯಬಹುದು, ಪಡೆಯುತ್ತಲೂ ಇದ್ದಾರೆ; ಆದರೂ ಶಾರ್ಕಿನ ಎಣ್ಣೆಗೆ ಗಿರಾಕಿ ನಿಂತಿಲ್ಲ. ನಮ್ಮ ನೆರೆಯ ಮಾಲ್ಡೀವ್ಸ್‌ನಲ್ಲಿ ಈ ಎಣ್ಣೆಗಾಗಿ 1980ರ ದಶಕದಲ್ಲಿ ಶುರುವಾದ ಬೇಟೆ ಕೆಲವೇ ವರ್ಷಗಳಲ್ಲಿ ಕುಸಿಯಿತು; 2010ರಲ್ಲಿ ಆ ದೇಶ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿತು. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನವರು ಶಾರ್ಕ್ ಹಿಡಿಯುವುದರಲ್ಲಿ ಪಳಗಿದವರು; ಅವರು ತರುವ ಆಳದ ಶಾರ್ಕುಗಳು ಇಳಿಯುವುದು ಕೊಚ್ಚಿಯಲ್ಲಿ. ಮಂಗಳೂರು, ಮಲ್ಪೆಯ ಟ್ರಾಲ್ ಬೋಟುಗಳೂ ಹತ್ತಿರದಲ್ಲಿ ಮೀನು ಸಿಗದೆ ವರ್ಷದಿಂದ ವರ್ಷಕ್ಕೆ ಹೊರಗೆ, ಆಳಕ್ಕೆ ಹೋಗುತ್ತಿವೆ. ನಮ್ಮ ಮೀನು ಸಂತೆಯಲ್ಲಿ ತಾಟೆಗೂ ತೊರಕೆಗೂ ವ್ಯತ್ಯಾಸ ಬಲ್ಲವರಿದ್ದಾರೆ; ಹಸಿರು ಕಣ್ಣಿನ ಈ ಆಳದ ತಾಟೆಯನ್ನು ಬೇರೆ ಮಾಡಿ ಎಣಿಸುವವರು ಬೇಕಾಗಿದ್ದಾರೆ.

ನಮ್ಮಲ್ಲಿ ಹಡಗಿಲ್ಲ ಎನ್ನುವಂತಿಲ್ಲ. ಸಾಗರ ಸಂಪದ 1984ರಿಂದ ಕೊಚ್ಚಿಯಿಂದ ಹೊರಡುತ್ತಿದೆ. ಬಲೆ ಹಾಕಿದ ಜಾಗದ ಅಕ್ಷಾಂಶ, ರೇಖಾಂಶ, ಆಳ, ಹೊತ್ತು ಬರೆದಿಡುವುದು ಯಾವುದೇ ಸಮೀಕ್ಷಾ ಹಡಗಿನ ನಿತ್ಯಕರ್ಮ. ಹೊಸ ಪ್ರಭೇದ ಹುಡುಕುವ ಯಾನಗಳಿಗೆ ಹಣ ಕೇಳುವವರು ಕೇಳಲಿ. ಅದರ ಜೊತೆಗೆ ಮಂಗಳೂರಿನಾಚೆಯ ಇಳಿಜಾರಿನ ಹಳೆಯ ಪುಟವೊಂದನ್ನು ತೆರೆದು, ಅದೇ ತಿಂಗಳಲ್ಲಿ, ಅದೇ ಆಳಕ್ಕೆ, ಅದೇ ಅಳತೆಯ ಬಲೆ ಇಳಿಸಿ, ಬಂದದ್ದನ್ನು ತೂಗಿ ಬರಲಿ.